ದೋಣಿಗೆ ಎರೆದ ಎಣ್ಣೆನೀರು

ಹೊಳೆನರಸೀಪುರ
೧೪ ಅಕ್ಟೋಬರ್ ೧೯೮೬

ಪ್ರೀತಿಯ ಜಲಜಾ,

ನಿನ್ನ ಕಾಗದ, ಫೋಟೋ ಎರಡೂ ಬಂದವು. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನೀನೂ ಗಟ್ಟಿಯಾಗಿದ್ದೀಯ ಎಂದು ಕಾಗದದ ಉದ್ದ ನೋಡಿಯೇ ತಿಳಿಯಿತು.

ಫೋಟೋ ನೋಡಿ ಮೊದಲು ಯಾರದೋ ಮನೆ ಎಂದುಕೊಂಡೆ. ಕಿಟಕಿ ಇದೆ, ಬಾಗಿಲಿದೆ, ಪರದೆಯೂ ಇದೆ. ಆಮೇಲೆ ಕೆಳಗೆ ನೀರು ಕಂಡಿತು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ನೋಡಿ, "ಮೋಟಾರು ದೋಣಿ ಕಣೇ. ಅರವಿಂದ ದೊಡ್ಡ ಮನುಷ್ಯ ಆಗ್ಬಿಟ್ಟ" ಎಂದರು. ಹೊಳೆಗೆ ಸ್ನಾನಕ್ಕೆ ಹೋದರೂ ಮೆಟ್ಟಿಲು ಬಿಟ್ಟು ಇಳಿಯದ ಗಂಡಸು ದೋಣಿ ಕೊಂಡಿದ್ದಾರೆ ಎಂದರೆ ಆ ದೇಶದ ನೀರೇ ಬೇರೆ ಇರಬೇಕು. ಅರವಿಂದರಿಗೆ ನಮ್ಮ ಸಂತೋಷ ತಿಳಿಸು.

ಆಯುಧಪೂಜೆಗೆ ದೋಣಿಗೆ ಏನು ಮಾಡಬೇಕು ಎಂದು ಕೇಳಿದ್ದೀಯ. ನಿನ್ನ ಕಾಗದ ಬರುವಷ್ಟರಲ್ಲಿ ಆಯುಧಪೂಜೆಯ ಬೂದುಗುಂಬಳಕಾಯಿ ಒಡೆದು ರಸ್ತೆಯೂ ಒಣಗಿತ್ತು. ಚಿಂತೆಯಿಲ್ಲ, ನರಕ ಚತುರ್ದಶಿ ಬರುತ್ತಿದೆ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಅವತ್ತು ಮನುಷ್ಯರಿಗಿಂತ ಮೊದಲು ಯಂತ್ರಕ್ಕೆ ಎಣ್ಣೆನೀರು. ಮೋಟಾರು, ಬೆಲ್ಟಿನ ಚಕ್ರ, ಕಲ್ಲು ಕೂತಿರುವ ಶಾಫ್ಟು, ತಿರುಗುವುದೆಲ್ಲಕ್ಕೂ ಹರಳೆಣ್ಣೆ, ಅದರ ಮೇಲೆ ಕುಂಕುಮ. ತಿರುಗುವ ಯಾವ ವಸ್ತುವೂ ಎಣ್ಣೆ ಬೇಡ ಎನ್ನುವುದಿಲ್ಲ. ಇದು ನಮ್ಮ ಮನೆಯವರ ಮಾತು. ಇಷ್ಟು ವರ್ಷದಲ್ಲಿ ನಮ್ಮ ಗಿರಣಿ ಕರೆಂಟಿಲ್ಲದೆ ನಿಂತಿದೆಯೇ ಹೊರತು ಎಣ್ಣೆಯಿಲ್ಲದೆ ನಿಂತದ್ದಿಲ್ಲ. ನೀವೂ ಹಾಗೆ ಮಾಡಿ.

ಮತ್ತೆ ಗಂಡನನ್ನು ಹೆಸರು ಹಿಡಿದು ಕರೆಯುವುದು ನಿಲ್ಲಿಸಿದೆಯೋ ಇಲ್ಲವೋ? ಹೋದ ಕಾಗದದಲ್ಲಿ "ಅರವಿಂದ ಹೇಳಿದರು" ಎಂದು ಮೂರು ಕಡೆ ಬರೆದಿದ್ದೀಯ. ಪೋಸ್ಟ್‌ಮ್ಯಾನ್ ಓದಿದರೆ ಏನೆಂದುಕೊಂಡಾನು.

ನಿನ್ನ ಅಕ್ಕ,
ಸತ್ಯವತಿ


ರೆಡ್‌ವುಡ್ ಸಿಟಿ
೯ ನವೆಂಬರ್ ೧೯೮೬

ಅಕ್ಕಾ,

ಕಾಗದ ಹಬ್ಬಕ್ಕೆ ಸರಿಯಾಗಿ ಬಂತು. ಪೋಸ್ಟ್‌ಮ್ಯಾನ್ ಓದಲಿ ಬಿಡು, ಅವನಿಗೂ ಮನರಂಜನೆ ಬೇಕು. ಇಲ್ಲಿ ಗಂಡನನ್ನು "ರೀ" ಎಂದು ಕರೆದರೆ ಅಂಗಡಿಯಲ್ಲಿ ಯಾವ ಗಂಡನೂ ತಿರುಗಿ ನೋಡುವುದಿಲ್ಲ. ಹೆಸರೇ ಅನುಕೂಲ.

ನೀನು ಹೇಳಿದಂತೆಯೇ ಆಯಿತು. ದೋಣಿ ಈಗ ದಡದ ಮೇಲಿದೆ, ಮರದ ಊರೆಗೋಲುಗಳ ಮೇಲೆ ಕೂರಿಸಿದ್ದಾರೆ. ಮರದ ದೋಣಿ, ವಯಸ್ಸಾದದ್ದು. ತಳ ಉಜ್ಜಿ ಬಣ್ಣ ಹಚ್ಚುವುದಕ್ಕೆ ಮೇಲೆತ್ತಲೇಬೇಕಿತ್ತು. ನಿನಗೆ ತಿಳಿಯುವಂತೆ ಹೇಳುತ್ತೇನೆ. ಎಂಜಿನ್ನು ದೋಣಿಯ ಹೊಟ್ಟೆಯಲ್ಲಿದೆ. ಅದರಿಂದ ಉದ್ದನೆಯ ಉಕ್ಕಿನ ಶಾಫ್ಟು ಹೊರಟು, ತಳದ ತೂತಿನಿಂದ ಹೊರಗೆ ಹೋಗಿ, ತುದಿಯಲ್ಲಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಮಧ್ಯೆ ಎಷ್ಟೊಂದು ಕೀಲುಗಳಿವೆ, ಒಂದನ್ನೂ ಬಿಡಲಿಲ್ಲ. ಹರಳೆಣ್ಣೆ ಇಲ್ಲಿ ಔಷಧಿ ಅಂಗಡಿಯಲ್ಲಿ ಬೆರಳುದ್ದದ ಸೀಸೆಯಲ್ಲಿ ಸಿಗುತ್ತದೆ, ಹೊಟ್ಟೆ ಕಟ್ಟಿದವರಿಗೆಂದು. ದೋಣಿಗೆ ಎಲ್ಲಿ ಸಾಕು? ಹಾರ್ಡ್‌ವೇರ್ ಅಂಗಡಿಯಿಂದ ಗ್ರೀಸಿನ ಡಬ್ಬ ಬಂತು. ಅದಕ್ಕೇ ಕುಂಕುಮ ಕಲಸಿ ಹಚ್ಚಿದ್ದಾಯಿತು. ಪ್ರೊಪೆಲ್ಲರಿನ ಪಕ್ಕದಲ್ಲಿ ಶಾಫ್ಟನ್ನು ಹಿಡಿದುಕೊಳ್ಳುವ ಒಂದು ಕೊಳವೆ ಇದೆ, ಒಳಗೆ ರಬ್ಬರು, ರಬ್ಬರಿನಲ್ಲಿ ಉದ್ದಕ್ಕೆ ಗೀರುಗಳು. ಅದು ಒಣಗಿ ಬಿರುಸಾಗಿತ್ತು. ಪಾಪ, ಇದಕ್ಕೆ ಎಷ್ಟು ವರ್ಷದಿಂದ ಯಾರೂ ಎಣ್ಣೆ ಕಾಣಿಸಿಲ್ಲವೋ ಎನ್ನಿಸಿ ಗೀರು ತುಂಬುವಷ್ಟು ಮೆತ್ತಿದ್ದಾಯಿತು. ಬಾಣಂತಿಗೂ ಅಷ್ಟು ಹಚ್ಚುವುದಿಲ್ಲ.

ಅರವಿಂದ ದೂರದಲ್ಲಿ ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದರು. ಮಂಗಳಾರತಿಗೆ ಮಾತ್ರ ಕೈ ಹೊರಗೆ ಬಂತು.

ನನ್ನ ಕೆಲಸ ಚೆನ್ನಾಗಿದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಆ ಲ್ಯಾಬಿನಲ್ಲಿ ಈಗ ನನ್ನದೇ ಒಂದು ಮೇಜಿದೆ. ಕಿಟಕಿಯಲ್ಲಿ ಕೊಲ್ಲಿಯ ನೀರು ಕಾಣುತ್ತದೆ. ಇಡೀ ದಿನ ಸೀಸೆಗಳ ಕಡೆ ನೋಡಬೇಕಾದವಳು ಹೊರಗೆ ಹೋಗುವ ದೋಣಿಗಳನ್ನು ನೋಡುತ್ತಿರುತ್ತೇನೆ.

ಜಲಜಾ


ರೆಡ್‌ವುಡ್ ಸಿಟಿ
೨೫ ಜನವರಿ ೧೯೮೭

ಅಕ್ಕಾ,

ದೋಣಿ ನೀರಿಗೆ ಇಳಿಯಿತು. ಇಳಿದದ್ದು ಇಳಿದಲ್ಲೇ ಇದೆ.

ಎಂಜಿನ್ನು ಚೆನ್ನಾಗಿ ಹತ್ತಿಕೊಳ್ಳುತ್ತದೆ, ಹಾಡುತ್ತದೆ ಎಂದೇ ಹೇಳಬೇಕು. ಗೇರಿಗೆ ಹಾಕಿದ ಕೂಡಲೇ ನರಳಿ ನಿಂತುಬಿಡುತ್ತದೆ. ಕೈಯಿಂದ ಶಾಫ್ಟು ತಿರುಗಿಸಲು ನೋಡಿದ್ದಾಯಿತು. ಎರಡು ಕೈ ಹಾಕಿ, ಕಾಲು ಗೋಡೆಗೆ ಒದ್ದು ಹಿಡಿದರೂ ಅಲ್ಲಾಡುವುದಿಲ್ಲ. ಬಣ್ಣ ಹಚ್ಚುವ ಮೊದಲು ಒಂದೇ ಕೈಗೆ ತಿರುಗುತ್ತಿತ್ತು.

ಇದಕ್ಕಿಂತ ದೊಡ್ಡ ತೊಂದರೆ ಹ್ಯಾಂಕ್. ಅವನು ಇಲ್ಲಿನ ಹಾರ್ಬರಿನ ಯಜಮಾನ, ಬಿಳಿ ಗಡ್ಡದವನು, ಕೆಟ್ಟವನೇನಲ್ಲ. ಆದರೆ ನಿಯಮ ನಿಯಮವೇ. ಓಡುವ ದೋಣಿಗೆ ಮಾತ್ರ ಇಲ್ಲಿ ಜಾಗ, ಬೇಡವೆಂದು ಬಿಟ್ಟ ದೋಣಿಗಳು ಇಲ್ಲೇ ಕೊಳೆಯಬಾರದು. ಮಾರ್ಚ್ ಮುಗಿಯುವುದರೊಳಗೆ ನಮ್ಮದು ತನ್ನ ಎಂಜಿನ್ನಿನಿಂದಲೇ ಕಾಲುವೆ ದಾಟಿ, ಕೊನೆಯ ಗುರುತಿನ ಕಂಬ ಸುತ್ತಿ ವಾಪಸು ಬರಬೇಕು. ಬಾರದಿದ್ದರೆ ಜಾಗ ಖಾಲಿ ಮಾಡಬೇಕು. ಮರದ ಹಳೆಯ ದೋಣಿಯನ್ನು ಬೇರೆ ಯಾವ ಹಾರ್ಬರೂ ಸೇರಿಸಿಕೊಳ್ಳುವುದಿಲ್ಲ. ಆಮೇಲೆ ಉಳಿಯುವುದು ಹಳೆಯ ದೋಣಿ ಒಡೆದುಹಾಕುವ ಅಂಗಳ ಒಂದೇ.

ಭಾವನನ್ನು ಕೇಳಿ ಬರೆ. ಗಿರಣಿಯಲ್ಲಿ ಶಾಫ್ಟು ಬಿಗಿದುಕೊಂಡರೆ ಅವರು ಮೊದಲು ಎಲ್ಲಿ ಕೈ ಹಾಕುತ್ತಾರೆ?

ಅಕ್ಷರ ಸೊಟ್ಟಗಿದೆ, ಬೈಯಬೇಡ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ.

ಜಲಜಾ


ಹೊಳೆನರಸೀಪುರ
೧೧ ಫೆಬ್ರವರಿ ೧೯೮೭

ಪ್ರೀತಿಯ ಜಲಜಾ,

ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚು. ಆ ದೇಶದ ಪಾತ್ರೆ ಸೋಪು ಕೆಟ್ಟದ್ದು ಎಂದು ನಾನು ಮೊದಲೇ ಹೇಳಿದ್ದೆ. ಲ್ಯಾಬಿನಲ್ಲಿ ದುಡಿದು ಬಂದವಳು ಮನೆಯಲ್ಲಿ ಅಷ್ಟು ಪಾತ್ರೆ ಯಾಕೆ ಉಜ್ಜಬೇಕು? ಅರವಿಂದರಿಗೂ ಎರಡು ಕೈಗಳಿವೆ.

ಈಗ ದೋಣಿಯ ವಿಷಯ. ನಮ್ಮ ಮನೆಯವರು ಹೇಳುವುದನ್ನು ಹಾಗೆ ಹಾಗೇ ಬರೆಯುತ್ತೇನೆ, ಅರವಿಂದರಿಗೆ ಓದಿ ಹೇಳು.

ಮೊದಲು ಬೆಲ್ಟು ಬಿಚ್ಚಬೇಕು. ಗಿರಣಿ ನಿಂತರೆ ತಿಳಿಯದವರು ಮೋಟಾರನ್ನೂ ಬೈಯುತ್ತಾರೆ, ಕಲ್ಲನ್ನೂ ಬೈಯುತ್ತಾರೆ. ಬೆಲ್ಟು ಬಿಚ್ಚಿ ಎರಡನ್ನೂ ಬೇರೆಬೇರೆಯಾಗಿ ಕೈಯಲ್ಲಿ ತಿರುಗಿಸಿದರೆ ಯಾರು ಮುನಿಸಿಕೊಂಡವರು ಎಂದು ತಾನೇ ಗೊತ್ತಾಗುತ್ತದೆ. ನಿಮ್ಮ ದೋಣಿಯಲ್ಲಿ ಬೆಲ್ಟಿನ ಬದಲು ಏನಿದೆಯೋ, ಎಂಜಿನ್ನು ಮತ್ತು ಶಾಫ್ಟು ಕೂಡುವ ಜಾಗ ಒಂದು ಇದ್ದೇ ಇರುತ್ತದೆ. ಅದನ್ನು ಬಿಚ್ಚಲಿ. ಮನೆಯಲ್ಲಿ ಜಗಳವಾದರೆ ಅತ್ತೆ ಸೊಸೆಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳುವುದಿಲ್ಲವೇ, ಹಾಗೆ.

ಎರಡನೆಯದು, ಶಾಫ್ಟು ತಳದಿಂದ ಹೊರಗೆ ಹೋಗುವ ಜಾಗದಲ್ಲಿ ನೀರು ಒಳಗೆ ಬಾರದಂತೆ ಏನೋ ತುರುಕಿರಬೇಕು. ತೋಟದ ಪಂಪಿನಲ್ಲಿ ಗ್ಲ್ಯಾಂಡಿನ ಹಗ್ಗ ಇರುತ್ತದಲ್ಲ, ಹಾಗೆ. ಒಂದು ತೊಟ್ಟೂ ಸೋರಬಾರದು ಎಂದು ಅದನ್ನು ಬಿಗಿ ಮಾಡಿದರೆ ಶಾಫ್ಟಿನ ಕತ್ತು ಹಿಸುಕಿದಂತೆ. ಅಲ್ಲಿ ತೊಟ್ಟು ತೊಟ್ಟು ಸೋರಬೇಕು. ಸೋರುವುದೇ ಅದರ ಆರೋಗ್ಯ.

ಇವೆರಡೂ ಸರಿಯಿದ್ದು ಬಿಗಿ ಹೋಗದಿದ್ದರೆ ಇನ್ನಷ್ಟು ಎಣ್ಣೆ ಹಾಕಲಿ.

ಗಂಡಸರು ಇಂಥ ಕೆಲಸದಲ್ಲಿ ಬೇಗ ತಾಳ್ಮೆ ಕಳೆದುಕೊಳ್ಳುತ್ತಾರೆ. ನೀನು ಪಕ್ಕದಲ್ಲಿ ಕೂತು ಕಾಫಿ ಕೊಡುತ್ತಿರು.

ಸತ್ಯವತಿ


ರೆಡ್‌ವುಡ್ ಸಿಟಿ
೧ ಮಾರ್ಚ್ ೧೯೮೭

ಅಕ್ಕಾ,

ಕಾಫಿ ನಾನೇ ಮಾಡಿಕೊಂಡು ನಾನೇ ಕುಡಿದೆ. ಇನ್ನು ಮುಚ್ಚಿಟ್ಟು ಬರೆಯಲು ನನ್ನಿಂದಾಗದು.

ದೋಣಿ ಅರವಿಂದರದಲ್ಲ. ನನ್ನದು. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮುದುಕಿಯೊಬ್ಬರು ಮಾರುತ್ತೇನೆ ಎಂದರು. ನಾನು ಒಂದು ಭಾನುವಾರ ನೋಡಲು ಹೋದೆ. ಆಕೆ ಎಂಜಿನ್ನು ಶುರುಮಾಡಿ, ದೋಣಿ ತಿರುಗಿಸುವ ಚಕ್ರ ನನ್ನ ಕೈಗೆ ಕೊಟ್ಟು, ತಾವು ಹೋಗಿ ಹಿಂದೆ ಕೂತುಬಿಟ್ಟರು. ಬಸ್ಸಿನಲ್ಲಿ, ಕಾರಿನಲ್ಲಿ, ವಿಮಾನದಲ್ಲಿ ಇಷ್ಟು ವರ್ಷ ಪಕ್ಕದ ಸೀಟಿನಲ್ಲೇ ಕೂತವಳು ನಾನು. ಅವತ್ತು ಮೊದಲ ಸಲ ನನ್ನ ಕೈ ತಿರುಗಿದ ಕಡೆಗೆ ಏನೋ ಒಂದು ತಿರುಗಿತು. ಅರವಿಂದ ಬೇಡ ಎಂದರು. ನಾನು ನನ್ನ ಸಂಬಳದಲ್ಲಿ ಕೊಂಡೆ. ನಿನಗೆ ಬರೆಯುವಾಗ ಧೈರ್ಯ ಬರಲಿಲ್ಲ. ನೀನು ಅವರದೇ ಎಂದುಕೊಂಡೆ, ನಾನು ಹಾಗೇ ಬಿಟ್ಟೆ. "ಹಚ್ಚಿದ್ದಾಯಿತು", "ನೋಡಿದ್ದಾಯಿತು" ಎಂದು ಬರೆದೆನಲ್ಲ, ಅಲ್ಲೆಲ್ಲ "ಹಚ್ಚಿದೆ", "ನೋಡಿದೆ" ಎಂದು ಓದಿಕೋ. ಬೊಬ್ಬೆ ಸೋಪಿನಿಂದಲ್ಲ.

ಭಾವ ಹೇಳಿದ್ದನ್ನು ನಾನೇ ಮಾಡಿದೆ. ಎಂಜಿನ್ನು, ಶಾಫ್ಟು ಕೂಡುವ ಜಾಗದಲ್ಲಿ ಎರಡು ದಪ್ಪ ಉಕ್ಕಿನ ಬಿಲ್ಲೆಗಳನ್ನು ಬೋಲ್ಟು ಹಾಕಿ ಜೋಡಿಸಿದ್ದಾರೆ. ತುಕ್ಕು ಹಿಡಿದ ಬೋಲ್ಟುಗಳು. ಎರಡು ಸಂಜೆ ಬೇಕಾಯಿತು. ಬಿಚ್ಚಿ ನೋಡಿದರೆ ಎಂಜಿನ್ನಿನ ಕಡೆಯದು ಹೂವಿನ ಹಾಗೆ ತಿರುಗುತ್ತದೆ. ಶಾಫ್ಟು ಮಾತ್ರ ಕಲ್ಲು. ಅಂದರೆ ತಪ್ಪು ಎಂಜಿನ್ನಿನದಲ್ಲ, ಅರ್ಧ ದೋಣಿ ನಿರ್ದೋಷಿ ಎಂದಾಯಿತು. ಅಷ್ಟಕ್ಕೇ ನಾನು ಆ ಕತ್ತಲೆ ಗುಂಡಿಯಲ್ಲಿ ಕೂತು ನಕ್ಕೆ. ಆಮೇಲೆ ಗ್ಲ್ಯಾಂಡು ಸಡಿಲಿಸಿದೆ. ತೊಟ್ಟು ತೊಟ್ಟು ನೀರು ಬಂತು. ಶಾಫ್ಟು ಮಾತ್ರ ಹಾಗೇ ಬಿಗಿಯಾಗಿದೆ.

ಉಳಿದದ್ದು ಎರಡೇ. ಶಾಫ್ಟು ಬಗ್ಗಿರಬೇಕು, ಇಲ್ಲವೇ ಪ್ರೊಪೆಲ್ಲರಿನ ಹತ್ತಿರದ ಆ ಕೊಳವೆಯಲ್ಲಿ ಏನೋ ಆಗಿರಬೇಕು. ಎರಡಕ್ಕೂ ದೋಣಿಯನ್ನು ಮತ್ತೆ ದಡಕ್ಕೆ ಎತ್ತಿಸಬೇಕು. ಅರವಿಂದ ಇದನ್ನು ಕೇಳಿ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಜಲಜಾ, ಅದು ದೋಣಿ ಅಲ್ಲ, ಫರ್ನಿಚರು. ನೀರಲ್ಲಿಟ್ಟಿರೋ ಫರ್ನಿಚರು. ಸುರೇಶ್‌ಗೆ ಕೊಟ್ಬಿಡೋಣ."

ಸುರೇಶ್ ಇಲ್ಲಿನ ಕನ್ನಡದವರೇ, ಮಂಡ್ಯದ ಕಡೆಯವರು, ಅರವಿಂದರ ಸ್ನೇಹಿತರು. ಎಂಜಿನ್ನು ಕಿತ್ತೆಸೆದು, ದೋಣಿಯನ್ನು ತಮ್ಮ ಹಿತ್ತಿಲಲ್ಲಿಟ್ಟು ಮಕ್ಕಳಿಗೆ ಆಟದ ಮನೆ ಮಾಡುತ್ತಾರಂತೆ. ಹೋದ ವಾರ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಬಂದರು. "ಮೇಡಂ, ದೋಣಿ ಓಡ್ಸೋದು ಅಂದ್ರೆ ರಂಗೋಲಿ ಹಾಕ್ದಂಗಲ್ಲ" ಎಂದರು. ನನ್ನ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಇತ್ತು, ಅದನ್ನು ಕೆಳಗಿಟ್ಟು ಒಳಗೆ ಹೋದೆ. ಇಟ್ಟದ್ದೇ ಒಳ್ಳೆಯದಾಯಿತು.

ಅಕ್ಕಾ, ನನಗೆ ಈ ದೋಣಿ ಬೇಕು. ಯಾಕೆ ಎಂದು ಕೇಳಿದರೆ ಅರವಿಂದರಿಗೆ ಒಪ್ಪುವಂಥ ಕಾರಣ ಒಂದೂ ಇಲ್ಲ. ಮುಂದಿನ ಶನಿವಾರ ಎತ್ತಿಸುತ್ತೇನೆ. ನೀನು ಬೈಯುವುದಿದ್ದರೆ ಏಪ್ರಿಲ್‌ವರೆಗೆ ತಡೆದುಕೋ.

ಜಲಜಾ


ತಂತಿ
ಹೊಳೆನರಸೀಪುರ, ೧೬ ಮಾರ್ಚ್ ೧೯೮೭

ದೋಣಿ ಮಾರಬೇಡ
ಅಕ್ಕ


ರೆಡ್‌ವುಡ್ ಸಿಟಿ
೩೦ ಮಾರ್ಚ್ ೧೯೮೭, ಯುಗಾದಿ

ಅಕ್ಕಾ,

ಬೇವು ಬೆಲ್ಲ ತಿಂದು ಬರೆಯಲು ಕೂತಿದ್ದೇನೆ. ಈ ಸಲ ಬೆಲ್ಲವೇ ಜಾಸ್ತಿ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ, ಅವಸರ ಮಾಡಬೇಡ.

ದೋಣಿಯನ್ನು ಎತ್ತಿಸಿದೆ. ಪ್ರೊಪೆಲ್ಲರ್ ಬಿಚ್ಚಿ ಶಾಫ್ಟನ್ನು ಹಿಂದಕ್ಕೆ ಎಳೆದೆವು, ನಾನು ಮತ್ತು ದೋಣಿ ರಿಪೇರಿ ಅಂಗಳದ ಇಬ್ಬರು ಆಳುಗಳು. ಬರಲೊಲ್ಲದು. ಕೊನೆಗೆ ಬಂದಾಗ ನೆಟ್ಟಗಿತ್ತು, ಎಲ್ಲೂ ಬಗ್ಗಿರಲಿಲ್ಲ. ಹಾಗಾದರೆ ಕಳ್ಳ ಕೊಳವೆಯೇ. ಟಾರ್ಚು ಬಿಟ್ಟು ನೋಡಿದೆ. ರಬ್ಬರು ರಾತ್ರಿ ನೆನೆಹಾಕಿದ ಅವರೆಕಾಳಿನ ಹಾಗೆ ಉಬ್ಬಿ ಕೂತಿದೆ. ಗೀರುಗಳೇ ಮುಚ್ಚಿಹೋಗಿವೆ. ಆಳುಗಳಲ್ಲೊಬ್ಬ ಬೆರಳು ಹಾಕಿ ಹೊರಗೆ ತೆಗೆದ. ಬೆರಳ ತುದಿಯಲ್ಲಿ ಗ್ರೀಸು, ಗ್ರೀಸಿನ ತುಂಬ ಕೆಂಪು. ಇಲ್ಲಿ ಗೇರಿನ ಎಣ್ಣೆ ಕೆಂಪಗಿರುತ್ತದೆ. ಅವರಿಬ್ಬರೂ ಗಾಬರಿಯಾಗಿ, ಗೇರ್‌ಬಾಕ್ಸು ಒಡೆದು ಎಣ್ಣೆ ಇಲ್ಲಿವರೆಗೆ ಹರಿದಿದೆ, ಅದನ್ನೂ ಇಳಿಸಬೇಕು ಎಂದು ಲೆಕ್ಕ ಹಾಕತೊಡಗಿದರು. ನಾನು ಆ ಕೆಂಪನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದೆ. ಮೂಸಿ ನೋಡಿದೆ. ಈ ಇಡೀ ಹಾರ್ಬರಿನಲ್ಲಿ ಅದೇನೆಂದು ಗುರುತಿಸಬಲ್ಲವಳು ನಾನೊಬ್ಬಳೇ.

ಕುಂಕುಮ, ಅಕ್ಕಾ. ನರಕ ಚತುರ್ದಶಿಯ ಎಣ್ಣೆನೀರು.

ಆ ಕೊಳವೆಗೆ ಎಣ್ಣೆ ಹಾಕುವಂತಿಲ್ಲವಂತೆ. ಅದು ನೀರಿನಲ್ಲೇ ಇದ್ದು ನೀರಿನಿಂದಲೇ ತಿರುಗುವ ಕೀಲು. ಆ ಗೀರುಗಳು ಇರುವುದೇ ನೀರು ಹರಿಯಲಿ ಎಂದು. ಹಳೆಯ ಕಾಲದ ರಬ್ಬರು ಗ್ರೀಸು ಕುಡಿದು, ದೋಣಿ ದಡದಲ್ಲಿದ್ದಷ್ಟು ಕಾಲವೂ ಊದಿ ಊದಿ, ಶಾಫ್ಟನ್ನು ಅವುಚಿ ಹಿಡಿದುಬಿಟ್ಟಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಬಾಣಂತಿಗೂ ಅಷ್ಟು ಹಚ್ಚುವುದಿಲ್ಲ ಎಂದು ಜಂಬದಿಂದ ಬರೆದಿದ್ದೆ, ನೆನಪಿದೆಯೇ? ಆಳುಗಳು ಕೆಂಪು ಏನೆಂದು ಕೇಳಿದರು. "ನಮ್ಮ ಧರ್ಮ" ಎಂದೆ. ಗೇರ್‌ಬಾಕ್ಸು ಇಳಿಸುವ ಮಾತು ಅಲ್ಲಿಗೆ ಬಿಟ್ಟರು.

ಹೊಸ ಕೊಳವೆ ಬಂತು. ನಾನೇ ಮರದ ತುಂಡು ಇಟ್ಟು ಬಡಿದು ಕೂರಿಸಿದೆ. ಶಾಫ್ಟು ಏರಿಸಿ, ಒಂದು ಲೋಟ ನೀರು ಸುರಿದೆ, ಬರೀ ನೀರು. ಎರಡು ಬೆರಳಿನಲ್ಲಿ ತಿರುಗಿಸಿದೆ. ತಿರುಗಿತು. ಬೆರಳು ತೆಗೆದ ಮೇಲೂ ಅರ್ಧ ಸುತ್ತು ತಾನೇ ಹೋಯಿತು. ನನಗೆ ಅಳು ಬಂತು, ಅಲ್ಲೇ ದೋಣಿಯ ಕೆಳಗೆ ಕೂತು ಅತ್ತೆ. ಆಳುಗಳು ಇದೂ ಧರ್ಮವೇ ಇರಬೇಕು ಎಂದುಕೊಂಡು ಸುಮ್ಮನೆ ನಿಂತಿದ್ದರು.

ಇಷ್ಟಕ್ಕೆ ಮುಗಿಯಲಿಲ್ಲ. ನೀರಿಗೆ ಇಳಿಸಿದ ಮೇಲೆ ಆ ಎರಡು ಬಿಲ್ಲೆಗಳನ್ನು ಮತ್ತೆ ಜೋಡಿಸಬೇಕಲ್ಲ. ದಡದಲ್ಲೇ ಜೋಡಿಸಿಬಿಡಿ ಎಂದು ಅಂಗಳದವರು ಹೇಳಿದರು. ನಾನು ಒಪ್ಪಲಿಲ್ಲ. ಮರದ ದೋಣಿ ದಡದಲ್ಲಿ ಒಂದು ಆಕಾರ, ನೀರು ಕುಡಿದ ಮೇಲೆ ಇನ್ನೊಂದು ಆಕಾರ. ಇಲ್ಲಿ ನೇರ ಇದ್ದದ್ದು ಅಲ್ಲಿ ಓರೆಯಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ, ಎಂಜಿನ್ನೊಂದು ಕಡೆ ಶಾಫ್ಟೊಂದು ಕಡೆ. ಇಳಿಸಿ ಕೆಲವು ದಿನ ಸುಮ್ಮನೆ ಬಿಟ್ಟೆ. ಅದಾದ ಮೇಲೆ ಎಂಜಿನ್ನಿನ ಕೆಳಗೆ ಮಲಗಿ, ಬಿಲ್ಲೆಗಳ ಸಂದಿನಲ್ಲಿ ಕಾಗದಕ್ಕಿಂತ ತೆಳುವಾದ ಉಕ್ಕಿನ ಪಟ್ಟಿ ತೂರಿಸಿ, ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಸಂದು ಒಂದೇ ಆಗುವವರೆಗೆ ಎಂಜಿನ್ನನ್ನು ಕೂದಲೆಳೆಯಷ್ಟು ಎತ್ತುವುದು, ಇಳಿಸುವುದು. ದೋಸೆ ಹದಕ್ಕೆ ಬರುವವರೆಗೆ ಮೊದಲ ದೋಸೆಗಳು ಹೋಗುತ್ತವಲ್ಲ, ಹಾಗೆ ನನ್ನ ಒಂದು ಇಡೀ ದಿನ ಹೋಯಿತು.

ಹಾಗೆ ಮಲಗಿದ್ದಾಗ ಮೇಲೆ ಅರವಿಂದರ ಶೂ ಕಂಡಿತು. ಮೌಂಟನ್ ವ್ಯೂನಲ್ಲಿರುವ ತಮ್ಮ ಆಫೀಸಿನಿಂದ ನೆಟ್ಟಗೆ ಬಂದಿದ್ದರು. ಕೈಯಲ್ಲಿ ನಿನ್ನ ತಂತಿ. ಇಂಗ್ಲಿಷ್ ಅಕ್ಷರದಲ್ಲಿದ್ದ ನಿನ್ನ ಕನ್ನಡವನ್ನು ಅವರೇ ಕೂಡಿಸಿ ಓದಿದರು, ಎರಡು ಸಲ.

"ಇದನ್ನ ಅತ್ತಿಗೆ ನಿಂಗ್ ಕಳ್ಸಿದ್ದೋ ನಂಗ್ ಕಳ್ಸಿದ್ದೋ?" ಎಂದರು.

"ವಿಳಾಸ ನೋಡಿ."

"ಹೆಸರು ನಿಂದೇ ಇದೆ. ಬೈದಿರೋದು ನಂಗೆ." ಆಮೇಲೆ ಕೋಟು ಬಿಚ್ಚಿಟ್ಟು, "ಟಾರ್ಚು ಎಲ್ಲಿ ಹಿಡೀಲಿ?" ಎಂದು ಕೇಳಿದರು.

ಅಕ್ಕಾ, ಮದುವೆಯಾದಂದಿನಿಂದ ನನಗೆ ಅವರು ಹೇಳಿದ ಮಾತುಗಳಲ್ಲಿ ಅದು ನನಗೆ ಬಹಳ ಇಷ್ಟವಾದದ್ದು. ಕತ್ತಲಾಗುವವರೆಗೂ ಹಿಡಿದರು. ಒಮ್ಮೆ ಮಾತ್ರ ತಪ್ಪು ಕಡೆ ಹಿಡಿದು ನನ್ನಿಂದ ಬೈಸಿಕೊಂಡರು.

ಶನಿವಾರ ಪರೀಕ್ಷೆ. ಹ್ಯಾಂಕ್ ಕಟ್ಟೆಯ ಮೇಲೆ ದುರ್ಬೀನು ಹಿಡಿದು ನಿಂತಿದ್ದ. ಸುರೇಶ್ ಟ್ರಕ್ಕು ತಂದಿದ್ದರು, ಅರವಿಂದ ಹಿಂದೆ ಕೊಟ್ಟ ಮಾತಿಗೆ. ನಾನು ಬರಬೇಡಿ ಎನ್ನಲಿಲ್ಲ. ಬರಲಿ, ಖಾಲಿ ಟ್ರಕ್ಕು ಓಡಿಸುವುದೂ ಒಂದು ಅನುಭವ. ಪೂಜೆ ಮಾಡಿದೆ, ಈ ಸಲ ಎಣ್ಣೆ ಮುಟ್ಟದೆ. ನಿಂಬೆಹಣ್ಣು ಎಲ್ಲಿಡುವುದು ಎಂಬುದೇ ಸಮಸ್ಯೆಯಾಯಿತು, ದೋಣಿಗೆ ಗಾಲಿ ಎಲ್ಲಿದೆ? ಕೊನೆಗೆ ಕಟ್ಟೆಗೂ ದೋಣಿಗೂ ಮಧ್ಯೆ ಹಿಡಿದುಕೊಂಡೆ. ಒಂದು ಅಲೆ ಬಂದು ದೋಣಿ ಕಟ್ಟೆಗೆ ಒರಗಿತು. ನಿಂಬೆಹಣ್ಣು ಅಪ್ಪಚ್ಚಿ.

ಎಂಜಿನ್ನು ಹತ್ತಿತು. ಹಗ್ಗ ಬಿಚ್ಚಿದೆವು. ಗೇರಿಗೆ ಹಾಕಿದೆ. ನರಳಾಟವಿಲ್ಲ, ನಡುಕವಿಲ್ಲ. ಕಟ್ಟೆ ತಾನೇ ಹಿಂದಕ್ಕೆ ಹೋಗತೊಡಗಿತು. ಮೊದಲು ಹ್ಯಾಂಕ್ ಹಿಂದಕ್ಕೆ ಹೋದ, ಆಮೇಲೆ ಟ್ರಕ್ಕು, ಆಮೇಲೆ ಬಂದರಿನಲ್ಲಿ ರಾಶಿ ಹಾಕಿದ ಉಪ್ಪಿನ ಗುಡ್ಡ. ಕಾಲುವೆಯ ಮಧ್ಯದಲ್ಲಿ ಚಕ್ರ ಅರವಿಂದರ ಕೈಗೆ ಕೊಟ್ಟು ಕೆಳಗೆ ಹೋಗಿ ಗ್ಲ್ಯಾಂಡು ಮುಟ್ಟಿ ನೋಡಿದೆ. ತಣ್ಣಗಿತ್ತು. ತೊಟ್ಟು ತೊಟ್ಟು ಸೋರುತ್ತಿತ್ತು, ಭಾವ ಹೇಳಿದ ಹಾಗೆ, ಆರೋಗ್ಯವಾಗಿ. ಮೇಲೆ ಬಂದರೆ ಅರವಿಂದರ ಮುಖ ಹುಣಸೆಹಣ್ಣು ತಿಂದಂತೆ, ಅವರಿಗೆ ಅಲೆ ಆಗದು. ಆದರೂ ಕೂರಲಿಲ್ಲ. "ನೀನೇ ಹಿಡ್ಕೋ, ನಾನ್ ನಿಂತಿರ್ತೀನಿ" ಎಂದರು.

ಕೊನೆಯ ಕಂಬ ಬಂತು. ಅದರ ಮೇಲೆ ಒಂದು ಹಕ್ಕಿ ಕೂತು ನಮ್ಮನ್ನೇ ನೋಡುತ್ತಿತ್ತು. ಅಲ್ಲಿಂದಾಚೆ ಇಡೀ ಕೊಲ್ಲಿ, ದೂರದಲ್ಲಿ ಉದ್ದನೆಯ ಸೇತುವೆ. ನಿಯಮದ ಪ್ರಕಾರ ಅಲ್ಲಿಯೇ ತಿರುಗಬೇಕಿತ್ತು. ನಾನು ತಿರುಗಲಿಲ್ಲ. ಸೇತುವೆಯ ಕೆಳಗೆ ಹೋದೆ. ಮೇಲೆ ಕಾರುಗಳು ಸಾಲಾಗಿ ಹೋಗುತ್ತಿದ್ದವು. ಪ್ರತಿಯೊಂದರಲ್ಲೂ ಪಕ್ಕದ ಸೀಟಿನಲ್ಲಿ ಯಾರೋ ಕೂತಿರಬೇಕು. ಕೆಳಗೆ ನಾನು ಚಕ್ರ ಹಿಡಿದು ನಿಂತಿದ್ದೆ, ನಿನಗೆ ಈ ಸಂತೋಷ ಹೇಗೆ ಬರೆಯಲಿ ಎಂದು ಯೋಚಿಸುತ್ತ. ಗೊತ್ತಾಗಲಿಲ್ಲ. ಇಷ್ಟು ಬರೆದಿದ್ದೇನೆ.

ವಾಪಸು ಬಂದಾಗ ಹ್ಯಾಂಕ್, ನಿಮ್ಮನ್ನು ಹುಡುಕಲು ಹೊರಡುವವನಿದ್ದೆ ಎಂದು ಗದರಿ, ನಕ್ಕು, ಕೈ ಕುಲುಕಿದ. ಜಾಗ ನನ್ನದೇ. ಸುರೇಶ್ ಟೋಪಿ ತೆಗೆದು, "ಮೇಡಂ, ನಮ್ ಮಕ್ಳನ್ನ ಒಂದ್ ರೌಂಡು ಕರ್ಕೊಂಡ್ ಹೋಗ್ತೀರಾ?" ಎಂದರು. "ರಂಗೋಲಿ ಹಾಕೋಕೆ ಬರೋರನ್ನ ಮಾತ್ರ" ಎಂದೆ. ಎಲ್ಲರೂ ನಕ್ಕರು, ಅವರೂ.

ಎರಡು ಮಾತು. ಒಂದು, ಎಣ್ಣೆಯ ವಿಷಯ ಭಾವನಿಗೆ ಹೇಳಬೇಡ. ಬೆಲ್ಟು ಬಿಚ್ಚುವ ಉಪಾಯ, ಗ್ಲ್ಯಾಂಡಿನ ಉಪಾಯ ಎರಡೂ ಅವರದೇ. ಅವಿಲ್ಲದಿದ್ದರೆ ನಾನಿನ್ನೂ ಎಂಜಿನ್ನನ್ನೇ ಬೈಯುತ್ತಿದ್ದೆ. ಎಣ್ಣೆಯೊಂದು ತಪ್ಪಿತು ಎಂದು ಅವರು ನೊಂದುಕೊಳ್ಳುವುದು ಬೇಡ. ಎರಡು, ದೋಣಿಗೆ ಹೆಸರು ಬರೆಸಬೇಕು. ಪುರಾಣದಲ್ಲಿ ದೋಣಿ ನಡೆಸಿದ ಹೆಣ್ಣು ಸತ್ಯವತಿ ತಾನೇ? ನಿನ್ನ ಹೆಸರೇ ಇಡುತ್ತೇನೆ. ಬೇಡ ಎನ್ನಬೇಡ.

ಜಲಜಾ


ಹೊಳೆನರಸೀಪುರ
೧೬ ಏಪ್ರಿಲ್ ೧೯೮೭

ಪ್ರೀತಿಯ ಜಲಜಾ,

ನಿನ್ನ ಕಾಗದ ಬಂದಾಗ ನಾನು ಗಿರಣಿಯಲ್ಲಿದ್ದೆ. ಹಿಟ್ಟಿನ ಕೈಯಲ್ಲೇ ಒಡೆದು ಓದಿದೆ. ಸೇತುವೆಯ ಕೆಳಗೆ ನೀನು ಹೋದ ಕಡೆ ಬಂದಾಗ ಮೋಟಾರು ನಿಲ್ಲಿಸಿದೆ. ಸಾಲಿನಲ್ಲಿದ್ದ ಹೆಂಗಸರು ಕರೆಂಟು ಹೋಯಿತು ಎಂದುಕೊಂಡರು. ಕರೆಂಟು ಹೋಗಿಲ್ಲ, ನನ್ನ ತಂಗಿ ಗೆದ್ದಳು ಎಂದೆ. ಇಡೀ ಕಾಗದವನ್ನು ಅವರಿಗೆ ಓದಿ ಹೇಳಿದೆ. ನಂಜಮ್ಮ ರಾಗಿ ಚೀಲದ ಮೇಲೆ ಕೂತು ಕೇಳಿ, ಅಂಥ ದೋಣಿಯಲ್ಲಿ ಒಂದು ಸಲ ಕೂರಬೇಕು ಎಂದಳು.

ಎಣ್ಣೆಯ ವಿಷಯ ಹೇಳಬೇಡ ಎಂದು ನೀನು ಬರೆದಿದ್ದೆ. ಅದನ್ನು ನಾನು ಓದುವಷ್ಟರಲ್ಲಿ ನಿನ್ನ ಭಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮುಖ ಸಣ್ಣಗಾಯಿತು. "ಪಾಪ, ಹುಡುಗಿ ದೋಣಿ ನನ್ನಿಂದ ಕೆಡ್ತಾ? ಆದ್ರೆ ನಾನ್ಯಾವಾಗ ಎಣ್ಣೆ ಹಾಕು ಅಂದೆ ಸತ್ಯಾ?" ಎಂದರು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಅವರು ಹೇಳಿರಲಿಲ್ಲ. ಎಣ್ಣೆ ನನ್ನದು, ಬೆಲ್ಟು ನನ್ನದು, ಗ್ಲ್ಯಾಂಡೂ ನನ್ನದೇ. ನಿನ್ನ ಭಾವ ಗಿರಣಿಯ ಒಳಗೆ ಕಾಲಿಟ್ಟು ವರ್ಷಗಳಾದವು. ಹಿಟ್ಟಿನ ಧೂಳಿಗೆ ಅವರಿಗೆ ಉಬ್ಬಸ. ಮನೆಯಲ್ಲಿ ಅಡಿಗೆ ಅವರದೇ, ಸಾರಂತೂ ನನಗಿಂತ ಚೆನ್ನಾಗಿ ಮಾಡುತ್ತಾರೆ. ಬೆಲ್ಟು ಏರಿಸುವವಳು ನಾನು, ಉಳಿ ಹಿಡಿದು ಕಲ್ಲು ಕುಟ್ಟುವವಳೂ ನಾನು. ಹೊಸಬರು ಬಂದು "ಯಜಮಾನ್ರು ಎಲ್ಲಿ?" ಎಂದರೆ "ಒಳಗಿದ್ದಾರೆ" ಎಂದು ಹೇಳಿ ಹೇಳಿ ಅಭ್ಯಾಸವಾಗಿತ್ತು. ನಿನಗೂ ಹಾಗೇ ಬರೆದೆ. ನೀನು ಅರವಿಂದರ ಹಿಂದೆ ನಿಂತು ಬರೆದೆ, ನಾನು ಇವರ ಹಿಂದೆ ನಿಂತು ಉತ್ತರ ಕೊಟ್ಟೆ. ಇಬ್ಬರು ಗಂಡಸರು ಸಮುದ್ರದ ಎರಡು ದಡದಲ್ಲಿ ಕೂತು ದೋಣಿ ರಿಪೇರಿ ಮಾಡಿದರು, ಅವರಿಗೇ ಗೊತ್ತಿಲ್ಲದೆ.

ಸರಿ ಹೇಳಿದ್ದಕ್ಕೆಲ್ಲ ಅವರ ಹೆಸರು ಹಾಕಿದ್ದೆ, ಅಡ್ಡಿಯಿರಲಿಲ್ಲ. ಆದರೆ ನಾನು ಮಾಡಿದ ತಪ್ಪಿಗೆ ಅವರು ತಲೆ ತಗ್ಗಿಸಿ ನಿಂತದ್ದನ್ನು ನೋಡಲಾಗಲಿಲ್ಲ. ಎಲ್ಲರೆದುರಿಗೇ ಹೇಳಿದೆ, "ಎಣ್ಣೆ ಹಾಕಿಸಿದ್ದು ನಾನು. ಈ ಗಿರಣಿ ನಡೆಸೋಳೂ ನಾನೇ." ನಂಜಮ್ಮ ಚೀಲದಿಂದ ಎದ್ದು, "ಅದು ಊರಿಗೇ ಗೊತ್ತಲ್ಲವ್ವಾ. ನಿಮ್ಗೊಬ್ರಿಗೇ ಗೊತ್ತಿರ್ಲಿಲ್ಲ. ಈಗ ಮೋಟ್ರು ಹಾಕಿ, ಹೊತ್ತಾಯ್ತು" ಎಂದಳು.

ನಿನ್ನ ಭಾವ ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ಪಾಯಸ ಮಾಡಿಕೊಂಡು ಬಂದರು, ಸಾಲಿನಲ್ಲಿದ್ದವರಿಗೆಲ್ಲ. ಬಾಗಿಲ ಮೇಲೆ ತಮ್ಮ ಹೆಸರಿನಲ್ಲಿದ್ದ "ಶೇಷಗಿರಿ ಫ್ಲೋರ್ ಮಿಲ್" ಬೋರ್ಡನ್ನು ಅವರೇ ಏಣಿ ಹಾಕಿ ಇಳಿಸಿದರು.

ಆದ್ದರಿಂದ ಜಲಜಾ, ದೋಣಿಗೆ ನನ್ನ ಹೆಸರು ಇಡಬೇಡ. ಆ ಹೆಸರಿಗೆ ಇಲ್ಲಿಯೇ ಕೆಲಸ ಬಂದಿದೆ. ನಿನ್ನ ಹೆಸರನ್ನೇ ಇಡು, ನೀರಿನಲ್ಲಿ ಹುಟ್ಟಿದವಳು ನೀನು ತಾನೇ. ಇಲ್ಲಿ ಬಣ್ಣದವನು ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಅಕ್ಷರ ಎಷ್ಟು ದೊಡ್ಡದಿರಲಿ ಎಂದು ಕೇಳುತ್ತಿದ್ದಾನೆ. ರಸ್ತೆಯ ಆ ಕಡೆ ಬಸ್ಸಿನಲ್ಲಿ ಕೂತವರೂ ಓದುವಷ್ಟು ಎಂದು ಹೇಳಿದ್ದೇನೆ.

ಸತ್ಯವತಿ